ಮಾವಿನ ದಾಯಾದಿಗಳು

ಅಮೆರಿಕದ ಪಶ್ಚಿಮ ಕರಾವಳಿಯ ಗುಡ್ಡಗಳಲ್ಲಿ 'ಪಾಯಿಜನ್ ಓಕ್' ಎಂಬ ಗಿಡ ಬೆಳೆಯುತ್ತದೆ. ಒಂದೊಂದು ತೊಟ್ಟಿಗೆ ಮೂರು ಮೂರು ಎಲೆ. ನೋಡಲಿಕ್ಕೆ ಬಲು ಚೆಂದ. ಆದರೆ ಮುಟ್ಟಿದಿರೋ, ಒಂದೆರಡು ದಿನದಲ್ಲಿ ಚರ್ಮ ಕೆಂಪೇರಿ, ಗುಳ್ಳೆ ಎದ್ದು, ರಾತ್ರಿಯೆಲ್ಲ ನಿದ್ದೆಯಿಲ್ಲದಂಥ ತುರಿಕೆ! ಹೆಸರಿನಲ್ಲಿ ಓಕ್ ಇದ್ದರೂ ಅದು ಓಕ್ ಮರದ ಜಾತಿಯದಲ್ಲ. ಹಾಗಾದರೆ ಅದರ ಬಳಗ ಯಾವುದು? ನಮ್ಮ ಮಾವು, ನಮ್ಮ ಗೋಡಂಬಿ, ನಮ್ಮ ಕೇರು. ಸಸ್ಯಶಾಸ್ತ್ರಜ್ಞರು ಇವನ್ನೆಲ್ಲ ಒಂದೇ ಕುಟುಂಬಕ್ಕೆ ಸೇರಿಸಿದ್ದಾರೆ. ಅಮೆರಿಕದ ಗಿಡ ಅಲ್ಲೇ ಇರಲಿ. ಅದರ ದಾಯಾದಿಗಳು ನಮ್ಮ ಹಿತ್ತಲಿಗೇ ಬಂದು ಕೂತಿವೆಯಲ್ಲ, ಅವುಗಳ ವಿಚಾರ ತಿಳಿದಿರಬೇಕು.

ನಾನು ಕಾಮರ್ಸ್ ವಿದ್ಯಾರ್ಥಿ. ಜಮಾ-ಖರ್ಚಿನ ಭಾಷೆಯಲ್ಲಿ ಹೇಳಿದರೆ ನನಗೂ ಸುಲಭ, ನಿಮಗೂ ಸುಲಭ. ಪಾಯಿಜನ್ ಓಕ್‌ನಲ್ಲಿರುವ ಎಣ್ಣೆಯಂಥ ವಸ್ತುವಿಗೆ 'ಉರುಶಿಯಾಲ್' ಎಂದು ಹೆಸರು. ಜಪಾನಿನಲ್ಲಿ ಮರದ ಪಾತ್ರೆಗಳಿಗೆ ಬಳಿಯುವ ಅರಗಿಗೆ 'ಉರುಶಿ' ಎನ್ನುತ್ತಾರೆ. ಆ ಅರಗು ಕೊಡುವ ಮರವೂ ಇದೇ ಬಳಗದ್ದು. ಈ ಎಣ್ಣೆ ಚರ್ಮದೊಳಗೆ ಇಳಿದು ಅಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆಗ ನಮ್ಮ ದೇಹ ಅದನ್ನು ಪರಕೀಯ ಎಂದು ತಿಳಿದು ತನ್ನ ವಹಿಯಲ್ಲಿ ಹೆಸರು ಬರೆದಿಟ್ಟುಕೊಳ್ಳುತ್ತದೆ. ಮೊದಲ ಸಲ ಎಷ್ಟೋ ಜನಕ್ಕೆ ಏನೂ ಆಗುವುದಿಲ್ಲ, ಆದರೂ ವಾರಗಟ್ಟಲೆ ತಡವಾಗಿ ಆಗುತ್ತದೆ. 'ನನಗೇನೂ ಆಗಲ್ಲಪ್ಪ' ಎಂದು ಎರಡನೆಯ ಸಲ ಮುಟ್ಟಿದಾಗ ಹಳೆಯ ಬಾಕಿ ಬಡ್ಡಿಸಮೇತ ವಸೂಲಾಗುತ್ತದೆ. ಅದೂ ಕೂಡಲೇ ಅಲ್ಲ, ಒಂದರಿಂದ ಮೂರು ದಿನ ಬಿಟ್ಟು. ತುರಚಿ ಗಿಡವೋ ನಸುಗುನ್ನಿಯೋ ಆದರೆ ಮುಟ್ಟಿದ ಕ್ಷಣವೇ ತುರಿಸುತ್ತದೆ, ಕಳ್ಳ ಯಾರೆಂದು ಅಲ್ಲೇ ಗೊತ್ತಾಗುತ್ತದೆ. ಈ ಬಳಗದ್ದು ಹಾಗಲ್ಲ. ಗುಳ್ಳೆ ಏಳುವ ಹೊತ್ತಿಗೆ ಮೊನ್ನೆ ಏನು ಮುಟ್ಟಿದ್ದೆವೆಂಬುದೇ ಮರೆತಿರುತ್ತದೆ.

ಇನ್ನು ಕೇರುಬೀಜದ ಕಥೆ. ಸಂಸ್ಕೃತದಲ್ಲಿ ಭಲ್ಲಾತಕ, ಇಲ್ಲಿ ಪುಣೆಯ ನಮ್ಮ ಮರಾಠಿ ಗೆಳೆಯರ ಬಾಯಲ್ಲಿ ಬಿಬ್ಬಾ. ಹಿಂದಿನ ಕಾಲದಲ್ಲಿ ಅಗಸರು ಇದರ ಕಪ್ಪು ರಸಕ್ಕೆ ಸುಣ್ಣ ಸೇರಿಸಿ ಬಟ್ಟೆಗೆ ಗುರುತು ಹಾಕುತ್ತಿದ್ದರು. ಎಷ್ಟು ಒಗೆದರೂ ಹೋಗದ ಗುರುತು! ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದ ಅಮೆರಿಕನ್ ಸೈನಿಕರಲ್ಲಿ ಕೆಲವರಿಗೆ ಕತ್ತಿನ ಹಿಂಭಾಗದಲ್ಲಿ ಇದ್ದಕ್ಕಿದ್ದಂತೆ ಗುಳ್ಳೆಗಳೆದ್ದವು. ಅವರ ವೈದ್ಯರು ಹುಡುಕಿ ನೋಡಿದರೆ, ಅಂಗಿಯ ಕಾಲರಿಗೆ ಅಗಸ ಹಾಕಿದ ಗುರುತು ತಾಗುತ್ತಿದ್ದುದು ಸರಿಯಾಗಿ ಅದೇ ಜಾಗಕ್ಕೆ. 1943ರಲ್ಲಿ ಇದು ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವೂ ಆಯಿತು. ತಮ್ಮ ನಾಡಿನ ಗಿಡದ ದಾಯಾದಿಯೇ ಇಲ್ಲಿ ಬೇರೆ ವೇಷದಲ್ಲಿ ಅವರಿಗೆ ಗಂಟು ಬಿದ್ದಿತ್ತು.

ಇದು ಸಿಪಾಯಿಗಳ ಮಾತಾಯಿತು. ನಮ್ಮ ಮನೆಯ ಮಾತು ಕೇಳಿ. ಎರಡು ವರ್ಷದ ಹಿಂದೆ ನಮ್ಮ ದೊಡ್ಡವ್ವ ಮೊಳಕಾಲು ನೋವಿಗೆಂದು ಯಾರೋ ಹೇಳಿದ ಮಾತು ಕೇಳಿ ಕೇರುಬೀಜ ಸುಟ್ಟು ಅದರ ಎಣ್ಣೆ ಹಚ್ಚಿಕೊಂಡಳು. ಮೂರನೆಯ ದಿನ ಕಾಲ ತುಂಬ ನೀರುಗುಳ್ಳೆ. "ನಂಜು ಹೊರಗ ಬರಾಕತ್ತೈತಿ" ಅಂತ ಮತ್ತೆ ಹಚ್ಚಿದಳು. ಓಣಿಯವರು ನೋಡಿ "ಅಮ್ಮ ಬಂದಾಳ, ಔಷಧ ಮುಟ್ಟಿಸಬ್ಯಾಡ್ರಿ" ಅಂದರು. ಐದು ದಿನದ ಮೇಲೆ ಕಣ್ಣಿನ ರೆಪ್ಪೆಯೂ ಬಾತುಕೊಂಡಾಗ ಡಾಕ್ಟರ ಬಳಿಗೆ ಕರೆದೊಯ್ದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಏನರ ಹಚ್ಚಿಗೊಂಡಿದ್ರೇನು, ಅಮ್ಮಾ?" ದೊಡ್ಡವ್ವ, "ಏನಿಲ್ರಿ" ಅಂದುಬಿಟ್ಟಳು! ಬೈದಾರು ಎಂಬ ಭಯ. ಕೊನೆಗೆ ಅವಳ ಮಗಳೇ ಬಾಯಿಬಿಟ್ಟಳು. ಔಷಧ ಶುರುವಾದ ಮೇಲೂ ಎದ್ದು ಓಡಾಡಲಿಕ್ಕೆ ಹದಿನೈದು ದಿನ ಹಿಡಿಯಿತು.

ಆಯುರ್ವೇದದಲ್ಲಿ ಭಲ್ಲಾತಕದ ಔಷಧಿಗಳಿಲ್ಲವೇ ಎಂದು ನೀವು ಕೇಳಬಹುದು. ಇವೆ. ಆದರೆ ಆ ಶಾಸ್ತ್ರವೇ ಅದನ್ನು ವಿಷದ್ರವ್ಯಗಳ ಸಾಲಿನಲ್ಲಿಟ್ಟು, ಮೊದಲು ಶೋಧನ ಮಾಡಬೇಕೆಂದು ವಿಧಿಸಿದೆ. ಇಟ್ಟಿಗೆ ಪುಡಿಯಲ್ಲಿ ತಿಕ್ಕಿ ಎಣ್ಣೆ ತೆಗೆಯುವುದು ಅದರಲ್ಲೊಂದು ಕ್ರಮ. ಹಸಿಬೀಜ ಸುಟ್ಟು ಬಳಿದುಕೊಳ್ಳುವುದಕ್ಕೂ ಶಾಸ್ತ್ರಕ್ಕೂ ಸಂಬಂಧವಿಲ್ಲ.

ಗೋಡಂಬಿಯ ಸಿಪ್ಪೆಯಲ್ಲೂ ಇಂಥದೇ ಎಣ್ಣೆಯಿದೆ. ನಾವು ತಿನ್ನುವ ತಿರುಳು ಸಾಧು, ಕವಚ ಮಾತ್ರ ಉಗ್ರ. ಆ ಎಣ್ಣೆ ಮೋಟಾರುಗಳ ಬ್ರೇಕಿಗೆ, ಬಣ್ಣ-ವಾರ್ನಿಶ್‌ಗಳಿಗೆ ಬೇಕು, ಒಳ್ಳೆಯ ವ್ಯಾಪಾರವಿದೆ. ಕಾಸ್ಟಿಂಗ್ ಪಾಠದಲ್ಲಿ ಉಪೋತ್ಪನ್ನದ ಬೆಲೆಯನ್ನು ಹೇಗೆ ಕಳೆಯಬೇಕೆಂದು ಓದುತ್ತೇವೆ. ಕೈಗೆ ಬೂದಿಯೋ ಹರಳೆಣ್ಣೆಯೋ ಬಳಿದುಕೊಂಡು ಬೀಜ ಒಡೆಯುವ ಹೆಂಗಸರ ಸುಟ್ಟ ಬೆರಳುಗಳನ್ನು ಯಾವ ಖಾತೆಗೆ ಹಾಕಬೇಕೆಂದು ಆ ಪುಸ್ತಕದಲ್ಲಿಲ್ಲ. ಮಲೆನಾಡು-ಕರಾವಳಿಯ ಗೆಳೆಯರಿಗೆ ಹೊಳೆಗೇರು ಮರವೂ ಗೊತ್ತಿರಬೇಕು. ಅದರ ಸೊನೆ ತಾಗಿದರೆ ಮೈಯೆಲ್ಲ ಬಾತುಕೊಳ್ಳುತ್ತದೆ. ಅಷ್ಟೇಕೆ, ಮಾವಿನ ತೊಟ್ಟಿನ ಸೊನೆಗೂ ತುಟಿ ಸುಡುವ ಗುಣವಿದೆ. ಹಣ್ಣು 'ಉಷ್ಣ' ಎಂದು ಬೈಯುವ ಮೊದಲು ತೊಟ್ಟು ಮುರಿದು ಚೆನ್ನಾಗಿ ತೊಳೆದು ನೋಡಿ.

ಹಾಗಾದರೆ ಮಾಡಬೇಕಾದ್ದೇನು? ಸೊನೆ ತಾಗಿದ ತಕ್ಷಣ ಸಾಬೂನು ಹಚ್ಚಿ ಧಾರಾಳ ನೀರಿನಲ್ಲಿ ತೊಳೆಯಿರಿ. ಮೊದಲ ಹತ್ತು ನಿಮಿಷಕ್ಕಿರುವ ಬೆಲೆ ಆಮೇಲಿನ ಗಂಟೆಗಳಿಗಿಲ್ಲ. ಉಗುರಿನ ಸಂದು, ಬಟ್ಟೆ, ಕುಡುಗೋಲಿನ ಹಿಡಿ ಇವನ್ನೂ ಬಿಡಬೇಡಿ, ಎಣ್ಣೆ ಅಲ್ಲಿ ಬಹುಕಾಲ ಅಡಗಿರುತ್ತದೆ. ಇಂಥ ಗಿಡಗಳನ್ನು ಕಡಿದು ಬೆಂಕಿಗೆ ಹಾಕಬಾರದು, ಹೊಗೆಯೊಂದಿಗೆ ಅದು ಕಣ್ಣಿಗೆ, ಶ್ವಾಸಕೋಶಕ್ಕೆ ಹೋಗುತ್ತದೆ. ಗುಳ್ಳೆಯ ನೀರಿನಿಂದ ರೋಗ ಹರಡುವುದಿಲ್ಲ, ಆದ್ದರಿಂದ ರೋಗಿಯನ್ನು ದೂರ ಕೂರಿಸಬೇಕಾಗಿಲ್ಲ. ಆದರೆ ಕೆರೆದರೆ ಹುಣ್ಣು ಕೀವಾಗುತ್ತದೆ. ತಣ್ಣೀರಿನ ಪಟ್ಟಿ ಹಿತ. ಮುಖ ಬಾತರೆ, ಉಸಿರು ಕಟ್ಟಿದಂತಾದರೆ, ಗುಳ್ಳೆ ಮೈತುಂಬ ಎದ್ದರೆ ತಡಮಾಡದೆ ಡಾಕ್ಟರಲ್ಲಿಗೆ ನಡೆಯಿರಿ.

ರಜೆಗೆ ಊರಿಗೆ ಹೋಗುವವರಿಗೆ ನನ್ನದೊಂದು ವಿನಂತಿ. ಅಜ್ಜಿ, ದೊಡ್ಡವ್ವಂದಿರ ಡಬ್ಬಿಯಲ್ಲಿ ಕೇರುಬೀಜ ಕಂಡರೆ ನಗಬೇಡಿ, ಜಗಳವನ್ನೂ ಆಡಬೇಡಿ. ಹತ್ತಿರ ಕೂತು ತಿಳಿಯುವಂತೆ ಹೇಳಿ. ಕೇಳಲಿಲ್ಲವೆ? "ಹಚ್ಚಿಕೊಂಡರೂ ಡಾಕ್ಟರ ಮುಂದ ಮುಚ್ಚಿಡಬ್ಯಾಡ" ಅಂತ ಇಷ್ಟಾದರೂ ಒಪ್ಪಿಸಿ ಬನ್ನಿ.