ಸ್ಪ್ಯಾನಿಶ್ ಬೋಧನೆ ಮತ್ತು ಸ್ತ್ರೀ ಸಾಹಿತ್ಯದ ಸಂಶೋಧನೆ: ಕನ್ನಡಕ್ಕೊಂದು ನೇರ ದಾರಿ

ಸುಮಾರು 50 ಕೋಟಿ ಜನರ ಮಾತೃಭಾಷೆಯಾದ ಸ್ಪ್ಯಾನಿಶ್, ಸ್ಪೇನ್ ಹಾಗೂ ಲ್ಯಾಟಿನ್ ಅಮೆರಿಕದ ಬಹುಪಾಲು ದೇಶಗಳ ಆಡಳಿತ ಭಾಷೆ. ಮುಂಬಯಿಯಂತಹ ವಾಣಿಜ್ಯ ನಗರಿಯಲ್ಲಿ ಅದನ್ನು ಕಲಿಯಹೊರಟ ಯುವಜನರ ದೃಷ್ಟಿ ಮೊದಲು ಉದ್ಯೋಗದತ್ತ ಹೊರಳುವುದು ಸಹಜವೇ. ಆದರೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಮುಂತಾದೆಡೆ ಈ ಭಾಷೆಯ ಸಾಹಿತ್ಯದಲ್ಲಿ ಸ್ನಾತಕೋತ್ತರ ಅಧ್ಯಯನ ಹಾಗೂ ಸಂಶೋಧನೆಗೂ ಅವಕಾಶವಿದೆ. ಸಮಕಾಲೀನ ಲೇಖಕಿಯರ ಬರವಣಿಗೆ ಅಂತಹ ಸಂಶೋಧನೆಯ ಒಂದು ಮುಖ್ಯ ಕ್ಷೇತ್ರ.

ಲೇಖಕಿಯರನ್ನು ಪ್ರತ್ಯೇಕವಾಗಿ ಅಭ್ಯಸಿಸುವ ಅಗತ್ಯವೇನು ಎಂಬ ಪ್ರಶ್ನೆ ಏಳಬಹುದು. 1960ರ ದಶಕದ ಲ್ಯಾಟಿನ್ ಅಮೆರಿಕನ್ ಕಾದಂಬರಿಯೆಂದೊಡನೆ ಮಾರ್ಕ್ವೆಜ್, ಕೊರ್ತಾಸಾರ್, ಫ್ಯುಯೆಂತೆಸ್, ಯೋಸಾ ಎಂಬ ನಾಲ್ವರು ಪುರುಷರ ಹೆಸರುಗಳೇ ಕೇಳಿಬರುತ್ತವೆ. ಮಾರ್ಕ್ವೆಜರ ಪ್ರಖ್ಯಾತ ಕಾದಂಬರಿ ಪ್ರಕಟವಾದದ್ದು 1967ರಲ್ಲಿ. ವಾಸ್ತವ ಮತ್ತು ಅದ್ಭುತಗಳನ್ನು ಬೆಸೆದ ಮೆಕ್ಸಿಕೋದ ಎಲೆನಾ ಗಾರ್ರೊ ಅವರ ಕಾದಂಬರಿ 1963ರಲ್ಲೇ ಬಂದಿತ್ತು. 1968ರ ವಿದ್ಯಾರ್ಥಿ ಹತ್ಯಾಕಾಂಡದ ಸಾಕ್ಷ್ಯಗಳನ್ನು 1971ರಲ್ಲಿ ಗ್ರಂಥರೂಪಕ್ಕೆ ತಂದವರು ಎಲೆನಾ ಪೊನಿಯಾತೋವ್ಸ್ಕಾ. 1976ರಲ್ಲಿ ಆರಂಭವಾದ ಸೆರ್ವಾಂತೆಸ್ ಪ್ರಶಸ್ತಿ ಮೊದಲ ಬಾರಿಗೆ ಮಹಿಳೆಯೊಬ್ಬರಿಗೆ, ಅಂದರೆ ಮರಿಯಾ ಸಾಂಬ್ರಾನೊ ಅವರಿಗೆ, ಸಂದದ್ದು 1988ರಲ್ಲಿ. ಹೀಗೆ ಬದಿಗೆ ಸರಿದ ಹೆಸರುಗಳನ್ನು ಮುನ್ನೆಲೆಗೆ ತರುವುದು ಸಂಶೋಧನೆಯ ಒಂದು ಕಾರ್ಯ.

ಈ ಸಾಹಿತ್ಯದ ಬೋಧನೆ ವ್ಯಾಕರಣದಿಂದಲೇ ಪ್ರಾರಂಭವಾಗುತ್ತದೆ. ಸ್ಪ್ಯಾನಿಶ್‌ನಲ್ಲಿ 'ನಾವು' ಎಂಬುದಕ್ಕೆ ಎರಡು ರೂಪಗಳಿವೆ. 'ನೊಸೋತ್ರೋಸ್' ಪುರುಷರಿಗೆ ಅಥವಾ ಮಿಶ್ರ ಗುಂಪಿಗೆ. 'ನೊಸೋತ್ರಾಸ್' ಕೇವಲ ಸ್ತ್ರೀಯರಿಗೆ. 'ನಾನು ದಣಿದಿದ್ದೇನೆ' ಎನ್ನುವಾಗಲೂ ಸ್ತ್ರೀಯಾದರೆ 'ಕನ್ಸಾದಾ', ಪುರುಷನಾದರೆ 'ಕನ್ಸಾದೋ'. ಇದಕ್ಕೆ ವ್ಯತಿರಿಕ್ತವಾಗಿ, 'ಯೆಗೋ' ಎಂಬ ಕ್ರಿಯಾಪದಕ್ಕೆ ಬಂದನು, ಬಂದಳು ಎಂಬ ಎರಡೂ ಅರ್ಥಗಳುಂಟು. ಕರ್ತೃಪದವನ್ನು ಬಿಟ್ಟು ಬರೆಯುವ ಲೇಖಕಿ ಪಾತ್ರದ ಲಿಂಗವನ್ನು ಬೇಕೆಂದೇ ಮರೆಯಾಗಿಡಬಲ್ಲಳು.

ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬರುವ ಅನುವಾದದಲ್ಲಿ ಈ ಸೂಕ್ಷ್ಮಗಳು ಹಾದಿಯಲ್ಲೇ ಕಳೆದುಹೋಗುತ್ತವೆ. ಇಂಗ್ಲಿಷಿನ 'ನಾವು' ಸ್ತ್ರೀಯರದೋ ಎಲ್ಲರದೋ ತಿಳಿಯುವುದಿಲ್ಲ. ಮೂಲವನ್ನು ಓದಬಲ್ಲವನು ಮಾತ್ರ 'ನಾವು ಹೆಂಗಸರು' ಎಂದು ಬರೆಯಬೇಕೋ ಬೇಡವೋ ಎಂದು ನಿರ್ಧರಿಸಬಲ್ಲ. ಹಿಂದೆ ರವೀಂದ್ರನಾಥ ಠಾಕೂರರೂ ಸ್ಪ್ಯಾನಿಶ್ ಓದುಗರನ್ನು ತಲುಪಿದ್ದು ಇಂಗ್ಲಿಷಿನ ಮೂಲಕವೇ. ಸೆನೋಬಿಯಾ ಕಾಂಪ್ರುಬಿ ಎಂಬ ವಿದುಷಿ 1915ರಲ್ಲಿ ಅವರ 'ದಿ ಕ್ರೆಸೆಂಟ್ ಮೂನ್' ಕೃತಿಯ ಅನುವಾದವನ್ನು ಪ್ರಕಟಿಸಿದರು. ಅಂದು ಅದು ಅನಿವಾರ್ಯವಾಗಿತ್ತು. ಇಂದು ನೇರ ದಾರಿ ತೆರೆದಿದೆ.

ಈ ದಾರಿಯಲ್ಲಿ ಮುಂಬಯಿ ಕನ್ನಡಿಗರಿಗೆ ವಿಶೇಷ ಅನುಕೂಲವಿದೆ. ಘಾಟ್ಕೋಪರಿನಲ್ಲಿ ಬೆಳೆದ ನಮ್ಮ ಮಕ್ಕಳ ಮನೆಮಾತು ಕನ್ನಡವೋ ತುಳುವೋ ಆಗಿದ್ದರೂ, ನೆರೆಹೊರೆಯ ಗುಜರಾತಿ, ಮರಾಠಿ, ಹಿಂದಿಗಳು ಕಿವಿಗೆ ಹೊಸತಲ್ಲ. ಮರಾಠಿಯ 'ದಮಲೋ', 'ದಮಲೇ' ಭೇದವನ್ನು ಅರಿತವರಿಗೆ 'ಕನ್ಸಾದೋ', 'ಕನ್ಸಾದಾ' ಕಷ್ಟವೆನಿಸದು. ಸ್ಪ್ಯಾನಿಶ್ ಕಲಿಯುವ ಮಕ್ಕಳು ಪ್ರಮಾಣಪತ್ರಕ್ಕಷ್ಟೇ ತೃಪ್ತರಾಗದೆ ಆ ಲೇಖಕಿಯರ ಒಂದು ಸಣ್ಣ ಕಥೆಯನ್ನಾದರೂ ಮೂಲದಿಂದ ಕನ್ನಡಕ್ಕೆ ತಂದರೆ, ಅದು ಈ ಮಹಾನಗರದ ಕನ್ನಡಿಗರು ತಾಯ್ನುಡಿಗೆ ಸಲ್ಲಿಸುವ ಉಪಯುಕ್ತ ಸೇವೆಯಾದೀತು.