ಬದುವಿನ ಅಳತೆಗೆ ಎಂಥ ಫೋನು?

ಸೊಲ್ಲಾಪುರ, ಅಕ್ಕಲಕೋಟ ಸೀಮೆಯ ಎರೆಹೊಲಗಳಲ್ಲಿ ಬದು ಒಂದು ಗೇಣು ಸರಿದರೂ ಎರಡು ಮನೆತನಗಳ ಮಾತುಕತೆ ನಿಂತುಹೋಗುವುದುಂಟು. ಹಿಂದೆ ಇಂಥ ತಕರಾರುಗಳಿಗೆ ಊರ ಹಿರಿಯರೂ ಗಡಿಕಲ್ಲುಗಳೂ ಸಾಕ್ಷಿಯಾಗುತ್ತಿದ್ದವು. ಈಗ ಪ್ರೌಢಶಾಲೆಯ ಹುಡುಗನೊಬ್ಬ ಫೋನು ಹಿಡಿದು ಹೊಲ ಸುತ್ತಿ ಬಂದು, "ನಮ್ಮದು ಆರು ಗುಂಟೆ ಕಡಿಮೆ ಬಂದಿದೆ" ಎಂದು ಹೇಳಬಲ್ಲ. ಆ ಮಾತನ್ನು ನಂಬಿ ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲು, ಫೋನು ಏನನ್ನು ಅಳೆಯಬಲ್ಲದು, ಏನನ್ನು ಅಳೆಯಲಾರದು ಎಂಬುದನ್ನು ಪಾಲಕರೂ ವಿದ್ಯಾರ್ಥಿಗಳೂ ತಿಳಿದಿರುವುದು ಒಳಿತು.

ಭೂಮಿಯ ಅಳತೆಗೂ ಈ ಸೀಮೆಗೂ ಹಳೆಯ ನಂಟು. ಸೊಲ್ಲಾಪುರ ಜಿಲ್ಲೆಗೆ ಹೊಂದಿಕೊಂಡಿರುವ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1830ರ ದಶಕದಲ್ಲಿ ನಡೆಸಿದ ಮೋಜಣಿಯೇ ಮುಂಬಯಿ ಪ್ರಾಂತದ ಕಂದಾಯ ಪದ್ಧತಿಗೆ ಬುನಾದಿಯಾಯಿತು. ಮೋಜಣಿದಾರನ ಸರಪಳಿಯ ಉದ್ದ 33 ಅಡಿ. ಅದಕ್ಕೆ 16 ಆಣೆ. ಒಂದು ಸರಪಳಿಯ ಚೌಕವೇ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಇಂದಿನ ಸಾತಬಾರಾ ಉತಾರದಲ್ಲಿ ಕ್ಷೇತ್ರವನ್ನು ಹೆಕ್ಟೇರ್ ಮತ್ತು ಆರ್‌ಗಳಲ್ಲಿ ಬರೆದಿರುತ್ತಾರೆ. ಒಂದು ಆರ್ ಎಂದರೆ 100 ಚದರ ಮೀಟರು. ಗುಂಟೆ ಅದಕ್ಕಿಂತ ತುಸು ಹೆಚ್ಚು, ಸುಮಾರು 101 ಚದರ ಮೀಟರು.

ಫೋನಿನ ಅಳತೆಯ ಮೂಲ ಆಕಾಶದಲ್ಲಿದೆ. ಉಪಗ್ರಹಗಳ ಸಂಕೇತ ತನ್ನನ್ನು ತಲುಪಲು ತೆಗೆದುಕೊಂಡ ಕಾಲವನ್ನು ಲೆಕ್ಕಹಾಕಿ ಅದು ತನ್ನ ಸ್ಥಾನವನ್ನು ಅರಿಯುತ್ತದೆ. ಬಯಲಿನಲ್ಲಿ ಸಾಮಾನ್ಯ ಫೋನಿನ ತಪ್ಪು ಐದು ಮೀಟರುಗಳಷ್ಟಿರುವುದು ಸಹಜ. ಬೇವಿನ ಮರದ ಕೆಳಗೆ, ಎತ್ತರದ ಕಟ್ಟಡದ ಪಕ್ಕದಲ್ಲಿ ಇನ್ನೂ ಹೆಚ್ಚು. ದಾರಿ ತೋರಿಸಲು ಇಷ್ಟು ಸಾಕು, ಬದುವಿಗೆ ಸಾಲದು. 200 ಮೀಟರು ಉದ್ದದ ಬದುವನ್ನು ಫೋನು ಮೂರೇ ಮೀಟರು ಅತ್ತ ತೋರಿಸಿತೆನ್ನೋಣ. ಆಗ 600 ಚದರ ಮೀಟರು, ಅಂದರೆ ಹೆಚ್ಚುಕಡಿಮೆ ಆರು ಗುಂಟೆ ನೆಲ ಒಬ್ಬರಿಂದ ಇನ್ನೊಬ್ಬರಿಗೆ ಹೋದಂತೆ ಕಾಣುತ್ತದೆ. ನೆಲವಾದರೋ ಇದ್ದಲ್ಲಿಯೇ ಇರುತ್ತದೆ.

ಆದ್ದರಿಂದ ಕ್ಷೇತ್ರಕಾರ್ಯಕ್ಕೆ ಫೋನು ಕೊಳ್ಳುವವರು ಕ್ಯಾಮೆರಾಕ್ಕಿಂತ ಮೊದಲು ಅದು ಎರಡು ತರಂಗಾಂತರಗಳ ಸಂಕೇತ ಹಿಡಿಯುವುದೇ ಎಂದು ವಿಚಾರಿಸಬೇಕು. ವಿವರಪಟ್ಟಿಯಲ್ಲಿ ಇದನ್ನು ಎಲ್1, ಎಲ್5 ಎಂದು ಬರೆದಿರುತ್ತಾರೆ. 2018ರಲ್ಲಿ ಶಿಯೋಮಿಯ ಮಿ 8 ಫೋನಿನೊಂದಿಗೆ ಬಂದ ಈ ಸೌಲಭ್ಯ, ಗೋಡೆ ಮರಗಳಿಗೆ ತಾಗಿ ಬರುವ ಸಂಕೇತಗಳಿಂದಾಗುವ ತಪ್ಪನ್ನು ಕಡಿಮೆ ಮಾಡುತ್ತದೆ. ಆದರೂ ಬೆರಳಂತರದ ಅಳತೆ ಬೇಕಾದರೆ ಪ್ರತ್ಯೇಕ ರಿಸೀವರ್ ಬೇಕೇ ಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆಯು ಮಹಾರಾಷ್ಟ್ರದಲ್ಲಿ ಸ್ಥಾಪಿಸಿರುವ ಸ್ಥಿರ ಕೇಂದ್ರಗಳು ಇಂಟರ್ನೆಟ್ ಮೂಲಕ ತಿದ್ದುಪಡಿ ಕಳುಹಿಸುತ್ತವೆ. ಅದನ್ನು ಪಡೆದ ರಿಸೀವರಿನ ತಪ್ಪು ಕೆಲವೇ ಸೆಂಟಿಮೀಟರು. ಈ ವ್ಯವಸ್ಥೆಯಲ್ಲಿ ಫೋನು ಪರದೆಯೂ ಹೌದು, ಇಂಟರ್ನೆಟ್ಟಿನ ದಾರಿಯೂ ಹೌದು. ಗಡಿಯ ಹಳ್ಳಿಗಳಲ್ಲಿ ಒಂದು ಕಂಪನಿಯ ನೆಟ್‌ವರ್ಕ್ ಸಿಕ್ಕದಿದ್ದರೆ ಇನ್ನೊಂದು ನೆರವಾಗುವಂತೆ ಎರಡು ಸಿಮ್ ಇರುವ ಫೋನು ಅನುಕೂಲ.

ಇನ್ನು ಕಾರ್ಯವ್ಯವಸ್ಥೆಯ ಮಾತು. ಆಂಡ್ರಾಯ್ಡ್ 2016ರಲ್ಲಿ ತನ್ನ ಏಳನೆಯ ಆವೃತ್ತಿಯಿಂದ ಉಪಗ್ರಹಗಳ ಮೂಲ ದತ್ತಾಂಶವನ್ನೇ ಆ್ಯಪ್‌ಗಳಿಗೆ ತೆರೆದಿಟ್ಟಿತು; ಐಫೋನು ಲೆಕ್ಕ ಮುಗಿದ ಸ್ಥಾನವನ್ನಷ್ಟೇ ಕೊಡುತ್ತದೆ. ಹೊರಗಿನ ಬ್ಲೂಟೂತ್ ರಿಸೀವರುಗಳೆಲ್ಲವೂ ಐಫೋನಿಗೆ ಹೊಂದುವುದಿಲ್ಲ. ಆಂಡ್ರಾಯ್ಡಿನಲ್ಲಿ ಆಯ್ಕೆ ಹೆಚ್ಚು, ಬೆಲೆಯೂ ಕೈಗೆಟಕುವಂಥದು. ಆದರೆ ಆಂಡ್ರಾಯ್ಡಿನಲ್ಲಿ ಹೊರಗಿನ ಸ್ಥಾನವನ್ನು ಫೋನಿಗೆ ಉಣಿಸುವ ಬಾಗಿಲಿನಿಂದಲೇ ಸುಳ್ಳು ಸ್ಥಾನವನ್ನೂ ಒಳಸೇರಿಸಬಹುದು. ಹೀಗಾಗಿ "ಫೋಟೋದಲ್ಲಿಯೇ ಅಕ್ಷಾಂಶ ರೇಖಾಂಶ ಬಂದಿದೆ" ಎಂಬ ಮಾತು ಕೊನೆಯ ಸಾಕ್ಷಿಯಾಗಲಾರದು.

ಮೊದಲು ಮೋಜಣಿದಾರರ ಕೈಯಂತ್ರಗಳಲ್ಲಿ ವಿಂಡೋಸಿನ ಬೇರೆ ಬೇರೆ ರೂಪಗಳೇ ಬಳಕೆಯಲ್ಲಿದ್ದವು. ಮೈಕ್ರೋಸಾಫ್ಟ್ ಸಂಸ್ಥೆಯು ಫೋನುಗಳ ವಿಂಡೋಸ್ 10 ವ್ಯವಸ್ಥೆಗೆ 2020ರ ಜನವರಿಯಲ್ಲಿ ಬೆಂಬಲ ನಿಲ್ಲಿಸಿತು. ಯಂತ್ರ ಗಟ್ಟಿಯಿದ್ದರೂ ವ್ಯವಸ್ಥೆ ಹಳತಾದರೆ ಹೊಸ ಆ್ಯಪ್ ನಡೆಯುವುದಿಲ್ಲ. ಎಷ್ಟು ವರ್ಷ ಅಪ್‌ಡೇಟ್ ದೊರೆಯುವುದೆಂದು ಅಂಗಡಿಯಲ್ಲಿಯೇ ಕೇಳಿಕೊಳ್ಳುವುದು ಜಾಣತನ.

ಬಿಸಿಲೂ ಇಲ್ಲಿಯ ದೊಡ್ಡ ಪರೀಕ್ಷೆ. ಐಫೋನನ್ನು 35 ಡಿಗ್ರಿಯೊಳಗಿನ ವಾತಾವರಣದಲ್ಲಿ ಬಳಸಬೇಕೆಂದು ಆಪಲ್ ಸಂಸ್ಥೆಯೇ ಹೇಳುತ್ತದೆ. ಸೊಲ್ಲಾಪುರದ ಬೇಸಿಗೆ 40 ದಾಟುತ್ತದೆ. ಯಾವ ಫೋನಾದರೂ ಮಟಮಟ ಮಧ್ಯಾಹ್ನ ಕಾದು ಪರದೆ ಮಂಕಾಗುತ್ತದೆ, ಬ್ಯಾಟರಿ ಬೇಗ ಸೊರಗುತ್ತದೆ. ಅಳತೆ ಬೆಳಗಿನ ಹೊತ್ತಿಗೆ ಮುಗಿಸುವುದು, ಬಿಸಿಲಿನಲ್ಲಿಟ್ಟು ಚಾರ್ಜ್ ಮಾಡದಿರುವುದು ಕ್ಷೇಮ. ಐಪಿ68 ಎಂಬ ಗುರುತಿನಲ್ಲಿ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. ಎರೆಮಣ್ಣಿನ ಧೂಳಿನಲ್ಲಿ ಓಡಾಡುವವರಿಗೆ ಮೊದಲಿನ 6 ಮುಖ್ಯ.

ಕಲಿಯಲು ಹಣ ಬೇಕಿಲ್ಲ. ಕ್ಯೂಫೀಲ್ಡ್ ಎಂಬ ಉಚಿತ ಆ್ಯಪ್ ಆಂಡ್ರಾಯ್ಡ್, ಐಫೋನ್ ಎರಡರಲ್ಲಿಯೂ ನಡೆಯುತ್ತದೆ. ನಕಾಶೆಯನ್ನು ಮನೆಯಲ್ಲಿಯೇ ತುಂಬಿಕೊಂಡು ಹೋದರೆ ಹೊಲದಲ್ಲಿ ಇಂಟರ್ನೆಟ್ ಇಲ್ಲದೆಯೂ ಕೆಲಸ ಸಾಗುತ್ತದೆ. ಮೀಟರಿನ ಲೆಕ್ಕಕ್ಕೆ ಯುಟಿಎಂ 43ನೆಯ ವಲಯವನ್ನು ಆರಿಸಬೇಕು. ಸೊಲ್ಲಾಪುರ, ಅಕ್ಕಲಕೋಟಗಳೆರಡೂ ಅದರಲ್ಲಿಯೇ ಬರುತ್ತವೆ. ವಿವರಗಳನ್ನು ಕನ್ನಡದಲ್ಲಿ ಬರೆದುಕೊಂಡರೂ ಗಟ್ ನಂಬರನ್ನೂ ಖಾತೇದಾರರ ಹೆಸರನ್ನೂ ಉತಾರದಲ್ಲಿರುವಂತೆ ಮರಾಠಿಯಲ್ಲಿಯೂ ದಾಖಲಿಸುವುದು ಅಗತ್ಯ. ಕಚೇರಿಯಲ್ಲಿ ಹುಡುಕುವುದು ಅದನ್ನೇ.

ಕಾಯಿದೆಯ ದೃಷ್ಟಿಯಲ್ಲಿ ಮನೆಯ ಫೋನಿನ ಅಳತೆ ಅಧಿಕೃತ ಮೋಜಣಿಯಾಗದು. ಇ-ಮೋಜಣಿ ವ್ಯವಸ್ಥೆಯಲ್ಲಿ ಅರ್ಜಿ ಸಲ್ಲಿಸಿದ ಮೇಲೆ, ನೆರೆಯ ಖಾತೇದಾರರಿಗೆ ನೋಟೀಸು ಹೋಗಿ, ಭೂಮಿ ಅಭಿಲೇಖ ಇಲಾಖೆಯ ಭೂಕರಮಾಪಕರು ಅಳೆದು ಕೊಡುವ ನಕಾಶೆಗೇ ಬೆಲೆ. ಫೋನಿನ ಅಳತೆಯಿಂದ ಅರ್ಜಿ ಹಾಕಬೇಕೇ ಬೇಡವೇ ಎಂದು ಯೋಚಿಸಬಹುದು. ಬದು ಕೀಳುವ ಹಕ್ಕು ಅದರಿಂದ ಬರುವುದಿಲ್ಲ.

ಈ ವಿದ್ಯೆಯಲ್ಲಿ ಮನಸ್ಸಿರುವ ಮಕ್ಕಳಿಗೆ ದಾರಿಯೂ ಇದೆ. ಹತ್ತನೆಯ ತರಗತಿಯ ನಂತರ ಐಟಿಐಯಲ್ಲಿ ಸರ್ವೇಯರ್ ಎಂಬ ಎರಡು ವರ್ಷಗಳ ಶಿಕ್ಷಣವುಂಟು. ಅದಕ್ಕೆ ಮೊದಲ ಪಾಠ ಈ ರಜೆಯಲ್ಲಿಯೇ ಆಗಬಹುದು: ತಮ್ಮ ಹೊಲವನ್ನು ಒಮ್ಮೆ ಟೇಪಿನಿಂದ, ಇನ್ನೊಮ್ಮೆ ಫೋನಿನಿಂದ ಅಳೆದು, ಎರಡರ ಅಂತರವನ್ನು ಗುಂಟೆಯಲ್ಲಿ ಬರೆಯುವುದು. ಪಕ್ಕದ ಹೊಲದವರ ಮಕ್ಕಳನ್ನೂ ಜೊತೆಗೆ ಕರೆದುಕೊಂಡರೆ ಇನ್ನೂ ಒಳ್ಳೆಯದು.