ಹೊಸಮಳೆಯ ನೀರೂ ಕೆರೆಮೀನಿನ ಸಂತಾನವೂ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಕೆರೆಗಳ ಸೀಮೆ. ಕದಂಬರ ಕಾಕುಸ್ಥವರ್ಮನು ಐದನೆಯ ಶತಮಾನದಲ್ಲಿ ಕೆರೆಯೊಂದನ್ನು ಕಟ್ಟಿಸಿದ ಸಂಗತಿಯನ್ನು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಶಾಸನವು ತಿಳಿಸುತ್ತದೆ. ಕುಮುದ್ವತಿ, ದಂಡಾವತಿ, ವರದಾ ಹೊಳೆಗಳ ಆಸುಪಾಸಿನಲ್ಲಿ ಇಂದಿಗೂ ಕೆರೆಯ ಕೆಳಗೆ ಗದ್ದೆ, ಗದ್ದೆಯ ಕೆಳಗೆ ಮತ್ತೊಂದು ಕೆರೆ, ಹೀಗೆ ಸಾಲಾಗಿ ಕಾಣಬಹುದು. ಈ ಕೆರೆಗಳು ಪೈರಿಗೆ ನೀರನ್ನು ಕೊಡುವಂತೆಯೇ ಊರಿಗೆ ಮೀನನ್ನೂ ಕೊಡುತ್ತ ಬಂದಿವೆ. ಬೇಸಗೆಯ ಕೊನೆಯಲ್ಲಿ ನೀರು ತಗ್ಗಿದಾಗ ಊರವರೆಲ್ಲರೂ ಬಿದಿರಿನ ಕೂಣಿಗಳನ್ನು ಹಿಡಿದು ಕೆರೆಗಿಳಿಯುವ ಕೆರೆಬೇಟೆಯೂ, ಮುಂಗಾರು ಹಿಡಿದೊಡನೆ ಹರಿವಿಗೆ ಎದುರೇರಿ ಹಳ್ಳ ಗದ್ದೆಗಳಿಗೆ ಬರುವ ಹತ್ತುಮೀನೂ ಈ ಸೀಮೆಯವರಿಗೆ ಚಿರಪರಿಚಿತವಾದವು.

ಕೆರೆಯಲ್ಲಿ ಮೀನು ಸತ್ತು ತೇಲಿದರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ, ಊರೇ ಎಚ್ಚರಗೊಳ್ಳುತ್ತದೆ. ಆದರೆ ನೀರಿಗೆ ಸೇರಿದ ವಸ್ತುಗಳು ಮೀನನ್ನು ಕೊಲ್ಲದೆ, ಅದರ ಸಂತಾನಶಕ್ತಿಯನ್ನು ಮಾತ್ರ ಕುಂದಿಸುವುದೂ ಉಂಟು. ಆಗ ಮೀನು ಈಜುತ್ತಿರುತ್ತದೆ, ಮೇಯುತ್ತಿರುತ್ತದೆ. ತತ್ತಿ ಮಾತ್ರ ಬಲಿಯುವುದಿಲ್ಲ, ಮರಿ ಮಾತ್ರ ಕಾಣುವುದಿಲ್ಲ. ಈ ಹಾನಿಯು ಸದ್ದಿಲ್ಲದೆ ನಡೆಯುವಂಥದಾದುದರಿಂದ ಅದರ ಕಾರಣವನ್ನೂ ತಡೆಯುವ ಬಗೆಯನ್ನೂ ರೈತರು ಅರಿತಿರುವುದು ಅವಶ್ಯಕ.

ತತ್ತಿ ಬಲಿಯುವ ಕ್ರಮ

ಮೀನಿನ ದೇಹದಲ್ಲಿ ಕೆಲವು ಗ್ರಂಥಿಗಳು ಅತ್ಯಲ್ಪ ಪ್ರಮಾಣದ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಇವಕ್ಕೆ ಹಾರ್ಮೋನುಗಳೆಂದು ಹೆಸರು. ದೇಹದ ಒಂದು ಭಾಗವು ಇನ್ನೊಂದು ಭಾಗಕ್ಕೆ ಕಳುಹುವ ಆಜ್ಞೆಗಳೆಂದು ಇವನ್ನು ಭಾವಿಸಬಹುದು. ಹಗಲು ದೀರ್ಘವಾಗಿ, ನೀರು ಬೆಚ್ಚಗಾದಾಗ ಮೆದುಳು ಅದನ್ನು ಗ್ರಹಿಸಿ, ತನ್ನ ಅಡಿಯಲ್ಲಿರುವ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿಯನ್ನು ಪ್ರೇರಿಸುತ್ತದೆ. ಪಿಟ್ಯುಟರಿಯ ರಸವು ಅಂಡಾಶಯವನ್ನು ಮುಟ್ಟಿದಾಗ ಅಲ್ಲಿ ಹೆಣ್ಣುತನದ ಹಾರ್ಮೋನು ಹುಟ್ಟುತ್ತದೆ. ಅದು ಯಕೃತ್ತಿಗೆ ಹೋಗಿ, ತತ್ತಿಯೊಳಗಿನ ಹಳದಿ ತಿರುಳಿಗೆ ಬೇಕಾದ ಸಸಾರಜನಕ ವಸ್ತುವನ್ನು ತಯಾರಿಸುವಂತೆ ಮಾಡುತ್ತದೆ. ಹೀಗೆ ತಿರುಳು ತುಂಬಿ ಸಿದ್ಧವಾದ ತತ್ತಿಗಳು ಹೊಸಮಳೆಯ ತಣ್ಣೀರು, ಕೆಂಪುನೀರಿನ ಹರಿವು ಮುಂತಾದ ಕುರುಹುಗಳು ದೊರೆತೊಡನೆ ಕೊನೆಯ ಆಜ್ಞೆಯನ್ನು ಪಡೆದು ಹೊರಬೀಳುತ್ತವೆ.

ಈ ಆಜ್ಞೆಗಳಿಗೆ ಎಷ್ಟು ಬಲವಿದೆಯೆಂಬುದಕ್ಕೆ ನಮ್ಮ ದೇಶದ್ದೇ ನಿದರ್ಶನವಿದೆ. 1957ನೆಯ ಜುಲೈ 10ರಂದು ಒರಿಸ್ಸಾದ ಅಂಗುಲ್ ಎಂಬಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿಯ ರಸವನ್ನು ಚುಚ್ಚಿ ಗೆಂಡೆಮೀನುಗಳಿಂದ ತತ್ತಿಯಿಡಿಸುವುದರಲ್ಲಿ ಸಫಲರಾದರು. ನಿಂತ ನೀರಿನಲ್ಲಿ ತಾವಾಗಿ ಮರಿಮಾಡದ ಕಾಟ್ಲಾ, ರೋಹು, ಮೃಗಾಲ ಮೀನುಗಳ ಮರಿಗಳು ಇಂದು ನಮ್ಮ ಕೆರೆಗಳಿಗೆ ದೊರೆಯುತ್ತಿರುವುದು ಈ ಕ್ರಮದ ಫಲವಾಗಿಯೇ. ಸಾಸಿವೆಯಷ್ಟು ಗ್ರಂಥಿಯ ರಸದಿಂದ ಇಷ್ಟು ಕಾರ್ಯವಾಗುವುದಾದರೆ, ಆ ರಸದ ಕೆಲಸಕ್ಕೆ ಅಡ್ಡಬರುವ ಅಥವಾ ಅದರಂತೆ ನಟಿಸುವ ಪರವಸ್ತುವೂ ಅಲ್ಪ ಪ್ರಮಾಣದಲ್ಲಿಯೇ ಅನರ್ಥವನ್ನುಂಟುಮಾಡುವುದು ಆಶ್ಚರ್ಯವಲ್ಲ.

ಕೆಡುಕು ತಟ್ಟುವ ಬಗೆಗಳು

ಮೊದಲನೆಯದು, ಆಜ್ಞೆಯೇ ಹೊರಡದಿರುವುದು. ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ 1980ರ ದಶಕದಲ್ಲಿ ಚೇಳುಮೀನಿನ ಮೇಲೆ ನಡೆದ ಪ್ರಯೋಗಗಳಲ್ಲಿ, ಮೀನನ್ನು ಕೊಲ್ಲದಷ್ಟು ಕಡಿಮೆ ಪ್ರಮಾಣದ ಕೀಟನಾಶಕಗಳೂ ಪಿಟ್ಯುಟರಿಯ ರಸವನ್ನು ತಗ್ಗಿಸಿ ಅಂಡಾಶಯದ ಬೆಳವಣಿಗೆಯನ್ನು ಕುಂಠಿತಗೊಳಿಸುವುದು ತಿಳಿದುಬಂದಿತು. ಮೆಕ್ಕೆಜೋಳದ ಹೊಲಗಳಲ್ಲಿ ಕಳೆ ಹುಟ್ಟದಂತೆ ಬಹುಕಾಲದಿಂದ ಬಳಕೆಗೆ ಬಂದಿರುವ ಅಟ್ರಜಿನ್ ಎಂಬ ವಸ್ತುವನ್ನು ಅಮೆರಿಕದಲ್ಲಿ ಒಂದು ಚಿಕ್ಕ ಮೀನಿನ ಮೇಲೆ ಪರೀಕ್ಷಿಸಿದಾಗ, ಇಟ್ಟ ತತ್ತಿಗಳ ಸಂಖ್ಯೆಯು ಕಡಿಮೆಯಾದುದು ಕಂಡುಬಂದು 2010ರಲ್ಲಿ ಪ್ರಕಟವಾಯಿತು.

ಎರಡನೆಯದು, ಸುಳ್ಳು ಆಜ್ಞೆ. ಪಟ್ಟಣದ ಚರಂಡಿನೀರಿನಲ್ಲಿಯೂ, ಕೆಲವು ಮಾರ್ಜಕಗಳು ಕೊಳೆತು ಉಳಿಯುವ ವಸ್ತುಗಳಲ್ಲಿಯೂ ಹೆಣ್ಣುತನದ ಹಾರ್ಮೋನನ್ನು ಹೋಲುವ ಗುಣವಿದೆ. ಇದರಿಂದ ಗಂಡುಮೀನಿನ ಯಕೃತ್ತು ಕೂಡ ಮೋಸಹೋಗಿ, ತನಗೆ ಬೇಡವಾದ ತತ್ತಿತಿರುಳಿನ ವಸ್ತುವನ್ನು ತಯಾರಿಸತೊಡಗುತ್ತದೆ. ಇಂಗ್ಲೆಂಡಿನ ನದಿಗಳಲ್ಲಿ ಚರಂಡಿನೀರು ಸೇರುವ ಎಡೆಗಳ ಕೆಳಗೆ, ಗಂಡುಮೀನುಗಳ ವೃಷಣದೊಳಗೆ ತತ್ತಿಗಳು ಮೂಡಿದ್ದುದು 1990ರ ದಶಕದಲ್ಲಿ ಗೊತ್ತಾಯಿತು.

ಮೂರನೆಯದು, ಮೀನಿನ ಮೂಗು ಮಂದವಾಗುವುದು. ತತ್ತಿಯಿಡಲು ಸಿದ್ಧವಾದ ಹೆಣ್ಣು ಗೆಂಡೆಯು ತನ್ನ ಹಾರ್ಮೋನಿನ ಅಂಶವನ್ನು ನೀರಿಗೆ ಬಿಡುತ್ತದೆ. ಅದರ ವಾಸನೆ ಹಿಡಿದು ಗಂಡು ಸಿದ್ಧವಾಗುತ್ತದೆ. ನೀರಿನಲ್ಲಿ ಕರಗಿದ ತಾಮ್ರವು ಈ ವಾಸನೆ ಹಿಡಿಯುವ ಶಕ್ತಿಯನ್ನು ಕೆಡಿಸುತ್ತದೆ. ಸುಣ್ಣದ ಅಂಶ ಕಡಿಮೆಯಿರುವ ಮೆದುನೀರಿನಲ್ಲಿ ತಾಮ್ರದ ವಿಷ ಹೆಚ್ಚು ತೀಕ್ಷ್ಣ; ಮಲೆನಾಡಿನ ಮಳೆನೀರು ಅಂಥ ಮೆದುನೀರು.

ನಾಲ್ಕನೆಯದು, ಆಯಾಸ. ನೀರು ಕೆಟ್ಟಾಗ ಮೀನಿನ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಅದು ಬಹುಕಾಲ ಏರಿಯೇ ಇದ್ದರೆ ಆಹಾರದ ಸತ್ತ್ವವೆಲ್ಲವೂ ಪ್ರಾಣ ಹಿಡಿದುಕೊಳ್ಳುವುದಕ್ಕೆ ವೆಚ್ಚವಾಗಿ, ಬೆಳವಣಿಗೆಯೂ ಸಂತಾನವೂ ರೋಗನಿರೋಧಶಕ್ತಿಯೂ ಕುಂದುತ್ತವೆ. ಗೊಬ್ಬರದ ನೀರು ಸೇರಿ ಪಾಚಿ ವಿಪರೀತವಾಗಿ ಬೆಳೆದು ಕೊಳೆತರೆ ನೀರಿನ ಆಮ್ಲಜನಕವು ತಗ್ಗುತ್ತದೆ; ಆ ಕೊರತೆಯೊಂದೇ ಗೆಂಡೆಮೀನಿನ ಲೈಂಗಿಕ ಹಾರ್ಮೋನುಗಳನ್ನು ಇಳಿಸಬಲ್ಲುದು.

ಎರಡು ಕೆಲಸಗಳು ಒಂದೇ ಕಾಲದಲ್ಲಿ

ಈ ಎರಡು ತಾಲ್ಲೂಕುಗಳಲ್ಲಿ ವಿಶೇಷವಾಗಿ ಗಮನಿಸತಕ್ಕುದು ಕಾಲದ ವಿಚಾರ. ನಾಟಿಮೀನುಗಳು ತತ್ತಿಯಿಡಲು ಹತ್ತಿಬರುವುದು ಮೃಗಶಿರಾ, ಆರಿದ್ರಾ ಮಳೆಗಳಲ್ಲಿ. ಮೆಕ್ಕೆಜೋಳದ ಬಿತ್ತನೆಯೂ ಕಳೆನಾಶಕದ ಸಿಂಪಡಣೆಯೂ ಅದೇ ದಿನಗಳಲ್ಲಿ. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮಳೆ ಹಿಡಿಯುವುದಕ್ಕೆ ಮುಂಚೆ. ಎರಡನೆಯದು ಅಲ್ಲಿಂದ 40-45 ದಿನಗಳಿಗೆ. ಶುಂಠಿಯ ಪಟ್ಟೆಗಳಿಗೆ ಔಷಧ ಹೊಯ್ಯುವುದೂ ಮಳೆಗಾಲದಲ್ಲಿಯೇ. ಹೀಗಾಗಿ ಮೀನಿಗೆ ತತ್ತಿಯಿಡುವ ಕರೆಯನ್ನು ತರುವ ಮೊದಲ ನೀರೇ ಹೊಲ ತೋಟಗಳ ಔಷಧವನ್ನೂ ತೊಳೆದು ತರುತ್ತದೆ. ಮೀನು ಎದುರೇರಿ ಬರುವುದು ಆ ನೀರಿನ ಮೂಲದ ಕಡೆಗೇ ಆದುದರಿಂದ, ತತ್ತಿಗೂ ಮರಿಗೂ ಅದರ ಸೋಂಕು ಅತ್ಯಧಿಕ.

ಇದರಿಂದ ಔಷಧವೇ ಬೇಡವೆಂದು ಅರ್ಥವಲ್ಲ. ಮೈಸೂರು ಸೀಮೆಯಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕೊಳೆರೋಗದ ಕಾರಣವನ್ನು ಶೋಧಿಸಿ, ಬೋರ್ಡೋ ದ್ರಾವಣವನ್ನು ಬಳಕೆಗೆ ತಂದುದರಿಂದ ಉಳಿದ ತೋಟಗಳು ಅಪಾರ. ಮೈಲುತುತ್ತವು ಗೊನೆಯ ಮೇಲಿದ್ದರೆ ಔಷಧ. ಕೆರೆಗೆ ಸೇರಿದರೆ ವಿಷ. ಅದನ್ನು ತಕ್ಕ ಎಡೆಯಲ್ಲಿ ಉಳಿಸಿಕೊಳ್ಳುವುದೇ ಜಾಣ್ಮೆ.

ಬಿತ್ತಿದ ಮೀನನ್ನು ಕಂಡು ಮೋಸಹೋಗಬಾರದು

ಕೆರೆಬೇಟೆಯಲ್ಲಿ ಕಾಟ್ಲಾ, ರೋಹು ಧಾರಾಳವಾಗಿ ಸಿಕ್ಕಿದ ಮಾತ್ರಕ್ಕೆ ಕೆರೆಯ ನೀರು ನಿರ್ದೋಷವೆಂದು ತಿಳಿಯುವುದು ತಪ್ಪು. ಅವುಗಳ ಮರಿಗಳನ್ನು ಹೊರಗಿನಿಂದ ತಂದು ಬಿಟ್ಟಿರುತ್ತಾರೆ. ಅವು ಬೆಳೆದು ತೋರಿಸುವುದು ಕೆರೆಯಲ್ಲಿ ಮೇವಿದೆಯೆಂಬುದನ್ನಷ್ಟೇ. ಕೆರೆಯಲ್ಲಿ ಸಂತಾನ ನಡೆಯುತ್ತಿದೆಯೇ ಎಂಬುದಕ್ಕೆ ಸಾಕ್ಷಿ ನಾಟಿ ಗೆಂಡೆ, ಕೊರವ, ಚೇಳುಮೀನು ಮೊದಲಾದವುಗಳು. ಮಳೆಗೆ ಮುಂಚೆ ಹಿಡಿದ ಇಂಥ ಹೆಣ್ಣುಮೀನುಗಳನ್ನು ಸೀಳಿದಾಗ ಹೊಟ್ಟೆಯಲ್ಲಿ ತತ್ತಿ ತುಂಬಿದೆಯೇ, ಮಳೆ ಹಿಡಿದ ಒಂದು ತಿಂಗಳ ಮೇಲೆ ಗದ್ದೆಯ ಕಾಲುವೆಗಳಲ್ಲಿ ಮರಿಗಳ ಗುಂಪು ಕಾಣುತ್ತಿದೆಯೇ, ಈ ಎರಡನ್ನೂ ವರ್ಷವರ್ಷವೂ ಗಮನಿಸಿದರೆ ಕೆರೆಯ ಸ್ಥಿತಿ ತಾನಾಗಿ ತಿಳಿಯುವುದು.

ಕಾರಣವನ್ನು ನಿರ್ಣಯಿಸುವುದರಲ್ಲಿ ಮಾತ್ರ ಆತುರವು ಕೂಡದು. ನೆರೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಜನರಿಗೆ ಬಂದ ಕೀಲುಮೂಳೆಯ ಬೇನೆಗೆ, ಕೀಟನಾಶಕ ಬಿದ್ದ ಗದ್ದೆಯ ಏಡಿಗಳೇ ಕಾರಣವೆಂದು ಮೊದಲು ಶಂಕಿಸಲಾಗಿತ್ತು. ಮುಂದಿನ ಸಂಶೋಧನೆಗಳು ಅದನ್ನು ವಂಶಪಾರಂಪರ್ಯವಾದ ಬೇನೆಯೆಂದು ತೋರಿಸಿದವು. ಮೀನಿನ ಮೈಮೇಲಿನ ಹುಣ್ಣುಗಳಿಗೂ ಬೂಷ್ಟಿನಂಥ ಜೀವಿ ಕಾರಣವಾಗಿರಬಹುದು. ಕೆಟ್ಟ ನೀರು ಅದಕ್ಕೆ ದಾರಿಮಾಡಿಕೊಟ್ಟಿರಬಹುದು. ಆದುದರಿಂದ ಸಂದೇಹ ಬಂದಲ್ಲಿ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳಿಗೆ ತಿಳಿಸಿ, ನೀರನ್ನೂ ಮೀನನ್ನೂ ಪರೀಕ್ಷೆಗೆ ಕೊಡತಕ್ಕದ್ದು.

ರೈತರು ಅನುಸರಿಸತಕ್ಕ ಕ್ರಮಗಳು

1. ಮಳೆ ಕವಿದಿರುವಾಗ ಕಳೆನಾಶಕ ಕೀಟನಾಶಕಗಳನ್ನು ಸಿಂಪಡಿಸಬಾರದು. ತೊಳೆದುಹೋದ ಔಷಧದಿಂದ ಪೈರಿಗೂ ಲಾಭವಿಲ್ಲ.

2. ಬೋರ್ಡೋ ದ್ರಾವಣವನ್ನು ನೂರಕ್ಕೆ ಒಂದರ ಪ್ರಮಾಣದಲ್ಲಿ, ಎಂದರೆ 100 ಲೀಟರು ನೀರಿಗೆ 1 ಕಿಲೋಗ್ರಾಂ ಮೈಲುತುತ್ತ, 1 ಕಿಲೋಗ್ರಾಂ ಸುಣ್ಣದಂತೆ ತಯಾರಿಸತಕ್ಕದ್ದು. ಆ ದಿನಕ್ಕೆ ಬೇಕಾದಷ್ಟನ್ನೇ ಕಲಸಿ, ಉಳಿದುದನ್ನು ಕಾಲುವೆಗೆ ಚೆಲ್ಲದಿರಬೇಕು.

3. ಸಿಂಪಡಿಸುವ ಯಂತ್ರ, ಪೀಪಾಯಿ, ಡಬ್ಬಿಗಳನ್ನು ಕೆರೆ ಹಳ್ಳಗಳಲ್ಲಿ ಎಂದಿಗೂ ತೊಳೆಯಕೂಡದು.

4. ಗದ್ದೆಗೆ ಹರಳು ಔಷಧವನ್ನಾಗಲಿ ಗೊಬ್ಬರವನ್ನಾಗಲಿ ಹಾಕಿದ ಮೇಲೆ ಕೆಲವು ದಿನ ಬದುವಿನ ಕಂಡಿಯನ್ನು ಮುಚ್ಚಿ, ನೀರು ಹೊರಗೆ ಹರಿಯದಂತೆ ನಿಲ್ಲಿಸಬೇಕು.

5. ಹೊಲ ತೋಟಗಳಿಗೂ ಹಳ್ಳಕ್ಕೂ ನಡುವೆ ಹುಲ್ಲಿನ ಪಟ್ಟೆಯನ್ನು ಉಳಿಸಬೇಕು. ಅದು ಮಣ್ಣನ್ನೂ ಮಣ್ಣಿಗಂಟಿದ ಔಷಧವನ್ನೂ ತಡೆಯುತ್ತದೆ.

6. ಪಟ್ಟಣದ ಚರಂಡಿನೀರು ಶುದ್ಧಿಯಾಗದೆ ಕೆರೆಗೆ ಇಳಿಯದಂತೆ ಸ್ಥಳೀಯ ಸಂಸ್ಥೆಗಳು ನೋಡಿಕೊಳ್ಳತಕ್ಕದ್ದು.

ಕೆಟ್ಟ ಕೆರೆ ಸರಿಯಾಗದೆಂದು ನಿರಾಶರಾಗಬೇಕಾಗಿಲ್ಲ. ಕೆನಡಾ ದೇಶದ ಒಂದು ಸರೋವರಕ್ಕೆ 2001ರಿಂದ 2003ರವರೆಗೆ ಹೆಣ್ಣುತನದ ಕೃತಕ ಹಾರ್ಮೋನನ್ನು, ಲೀಟರಿಗೆ ಒಂದು ಗ್ರಾಮಿನ ನೂರು ಕೋಟಿ ಭಾಗಗಳಲ್ಲಿ ಐದಾರು ಭಾಗದಷ್ಟು ಮಾತ್ರ, ಪರೀಕ್ಷಾರ್ಥವಾಗಿ ಬೆರೆಸಲಾಯಿತು. ಅಷ್ಟರಿಂದಲೇ ಅಲ್ಲಿನ ಒಂದು ಜಾತಿಯ ಚಿಕ್ಕ ಮೀನು ನಿರ್ಮೂಲವಾಗುವ ಹಂತಕ್ಕೆ ಬಂದಿತು. ಬೆರೆಸುವುದನ್ನು ನಿಲ್ಲಿಸಿದ ಕೆಲವು ವರ್ಷಗಳಲ್ಲಿ ಅದೇ ಮೀನಿನ ಸಂತತಿ ಮರಳಿ ಹೆಚ್ಚಿತು. ಮುಂಗಾರಿನ ಮೊದಲ ಕೆಲವು ವಾರ ಮೇಲಿನ ಹೊಲಗಳ ರೈತರು ಎಚ್ಚರದಿಂದಿದ್ದರೆ, ಕೆಳಗಿನ ಕೆರೆಯ ನಾಟಿಮೀನು ತನ್ನ ಸಂತಾನವನ್ನು ತಾನೇ ಬೆಳೆಸಿಕೊಳ್ಳುವುದು.